ಮುರಕಲ್ಲು ಪಾದೆಗಳಲ್ಲಿ ಶಿಲೋದ್ಯಾನ: ಕಡಬ, ಪುತ್ತೂರು ಮತ್ತು ಸುಳ್ಯ ತಾಲ್ಲೂಕುಗಳ ರೈತರಿಗೆ ಮಾರ್ಗದರ್ಶಿ

ಪೀಠಿಕೆ

ಕಡಬ, ಪುತ್ತೂರು ಮತ್ತು ಸುಳ್ಯ ತಾಲ್ಲೂಕುಗಳ ಅನೇಕ ಹಿಡುವಳಿಗಳಲ್ಲಿ ಅಡಿಕೆ ತೋಟದ ಮೇಲ್ಭಾಗದ ಗುಡ್ಡದಲ್ಲಿ ಒಂದಿಷ್ಟು ಮುರಕಲ್ಲಿನ ಪಾದೆ ಇರುತ್ತದೆ. ಬೇಸಿಗೆಯಲ್ಲಿ ಅದು ಕರಕಲಾದ ಬರಡು ನೆಲದಂತೆ ತೋರುತ್ತದೆ. ಈ ಕಾರಣದಿಂದ ಯಂತ್ರವನ್ನು ತರಿಸಿ ಅದನ್ನು ಮಟ್ಟ ಮಾಡಿ ಅಡಿಕೆ ಅಥವಾ ರಬ್ಬರ್ ಹಾಕುವ ಆಲೋಚನೆ ಸಹಜವಾಗಿಯೇ ಬರುತ್ತದೆ. ಆದರೆ ಅದೇ ಪಾದೆ ಜೂನ್‌ನಿಂದ ಅಕ್ಟೋಬರ್‌ವರೆಗೆ ಹಲವು ಬಗೆಯ ಸಣ್ಣ ಸಸ್ಯಗಳಿಂದ ತುಂಬಿ ಹೂ ಬಿಡುತ್ತದೆ. ಬೇರೆ ದೇಶಗಳ ತೋಟಗಾರರು ಹಣ ವ್ಯಯಿಸಿ, ಕಲ್ಲು ಹೊತ್ತು ತಂದು ನಿರ್ಮಿಸಿಕೊಳ್ಳುವ ಶಿಲೋದ್ಯಾನವು ನಮ್ಮ ರೈತರಿಗೆ ನಿಸರ್ಗದತ್ತವಾಗಿ ದೊರೆತಿದೆ. ಅದನ್ನು ಗುರುತಿಸುವುದು, ಉಳಿಸಿಕೊಳ್ಳುವುದು, ಅದರ ಮಾದರಿಯಲ್ಲಿ ಮನೆಯಂಗಳದಲ್ಲಿ ಚಿಕ್ಕ ಶಿಲೋದ್ಯಾನ ರಚಿಸುವುದು ಮತ್ತು ಆಸಕ್ತರ ಸಂಘ ಕಟ್ಟುವುದು ಹೇಗೆಂಬುದನ್ನು ಈ ಲೇಖನದಲ್ಲಿ ವಿವರಿಸಲಾಗಿದೆ.

ಶಿಲೋದ್ಯಾನದ ಹಿನ್ನೆಲೆ

ಕಲ್ಲುಗಳ ನಡುವೆ, ತೆಳುವಾದ ಮತ್ತು ಸತ್ವ ಕಡಿಮೆ ಇರುವ ಮಣ್ಣಿನಲ್ಲಿ ಬೆಳೆಯುವ ಸಸ್ಯಗಳಿಗಾಗಿ ರೂಪಿಸಿದ ತೋಟವೇ ಶಿಲೋದ್ಯಾನ ಅಥವಾ ರಾಕ್ ಗಾರ್ಡನ್. ಚಂಡೀಗಢದಲ್ಲಿ ನೇಕ್ ಚಂದ್ ಅವರು ನಿರ್ಮಿಸಿದ ಪ್ರಸಿದ್ಧ ರಾಕ್ ಗಾರ್ಡನ್ ಶಿಲ್ಪಗಳ ತೋಟ; ಇಲ್ಲಿ ಹೇಳುತ್ತಿರುವುದು ಸಸ್ಯಗಳ ತೋಟದ ಬಗ್ಗೆ. ಯುರೋಪಿನ ಆಲ್ಪ್ಸ್ ಮುಂತಾದ ಪರ್ವತಗಳ ಮೇಲ್ಭಾಗದಲ್ಲಿ, ಮರಗಳು ಬೆಳೆಯಲಾರದಷ್ಟು ಎತ್ತರದಲ್ಲಿ ಬದುಕುವ ಗಿಡಗಳನ್ನು ಆಲ್ಪೈನ್ ಸಸ್ಯಗಳೆಂದು ಕರೆಯುತ್ತಾರೆ. ಇವುಗಳನ್ನು ಮನೆಯಲ್ಲಿ ಬೆಳೆಸುವ ಹವ್ಯಾಸ ಬ್ರಿಟನ್ನಿನಲ್ಲಿ ವ್ಯಾಪಕವಾಗಿ ಹರಡಿತು. ಸಸ್ಯಪ್ರಿಯ ಲೇಖಕ ರೆಜಿನಾಲ್ಡ್ ಫ್ಯಾರರ್ 1907ರಲ್ಲಿ ಪ್ರಕಟಿಸಿದ ‘ಮೈ ರಾಕ್ ಗಾರ್ಡನ್’ ಪುಸ್ತಕ ಇದಕ್ಕೆ ಒತ್ತಾಸೆಯಾಯಿತು. ಬ್ರಿಟನ್ನಿನಲ್ಲಿ 1929ರಲ್ಲಿ ಆಲ್ಪೈನ್ ಗಾರ್ಡನ್ ಸೊಸೈಟಿ, 1933ರಲ್ಲಿ ಸ್ಕಾಟಿಷ್ ರಾಕ್ ಗಾರ್ಡನ್ ಕ್ಲಬ್ ಹಾಗೂ 1934ರಲ್ಲಿ ಅಮೆರಿಕದ ರಾಕ್ ಗಾರ್ಡನ್ ಸೊಸೈಟಿ ಸ್ಥಾಪನೆಗೊಂಡವು. ಈ ಸಂಘಗಳು ಇಂದಿಗೂ ಕಾರ್ಯನಿರತವಾಗಿವೆ. ಸದಸ್ಯರು ತಮ್ಮ ತೋಟದ ಬೀಜಗಳನ್ನು ಸಂಘಕ್ಕೆ ಕಳುಹಿಸಿ, ಬೇರೆ ಸದಸ್ಯರ ಬೀಜಗಳನ್ನು ಪಡೆಯುವ ವಾರ್ಷಿಕ ಬೀಜ ವಿನಿಮಯವು ಇವುಗಳ ಮುಖ್ಯ ಚಟುವಟಿಕೆಗಳಲ್ಲೊಂದು.

ಆಲ್ಪೈನ್ ಸಸ್ಯಗಳು ನಮ್ಮಲ್ಲಿ ಏಕೆ ಬೆಳೆಯುವುದಿಲ್ಲ?

ಕರ್ನಾಟಕದಲ್ಲಿ ನಿಜವಾದ ಆಲ್ಪೈನ್ ವಲಯವಿಲ್ಲ. ರಾಜ್ಯದ ಅತ್ಯುನ್ನತ ಶಿಖರ ಮುಳ್ಳಯ್ಯನಗಿರಿಯ ಎತ್ತರ 1,930 ಮೀಟರ್. ಕುಕ್ಕೆ ಸುಬ್ರಹ್ಮಣ್ಯದ ಹಿಂದಿರುವ ಕುಮಾರ ಪರ್ವತದ ಎತ್ತರ ಸುಮಾರು 1,712 ಮೀಟರ್. ಕುಮಾರ ಪರ್ವತದ ನೆತ್ತಿಯಲ್ಲಿ ಹುಲ್ಲುಗಾವಲು ಮತ್ತು ಬಂಡೆಗಳಿದ್ದರೂ ಅಲ್ಲಿ ಹಿಮ ಬೀಳುವುದಿಲ್ಲ. ಆಲ್ಪೈನ್ ಸಸ್ಯಗಳು ಚಳಿಗಾಲವನ್ನು ಹಿಮದ ಹೊದಿಕೆಯ ಕೆಳಗೆ ಸುಪ್ತಾವಸ್ಥೆಯಲ್ಲಿ ಕಳೆದು, ತಂಪಾದ ಅಲ್ಪಾವಧಿಯ ಬೇಸಿಗೆಯಲ್ಲಿ ಬೆಳೆಯುತ್ತವೆ. ಕರಾವಳಿಯ ಬಿಸಿ ಮತ್ತು ನಾಲ್ಕು ತಿಂಗಳ ಬಿಡದ ಮಳೆಯಲ್ಲಿ ಅವುಗಳ ಬುಡ ಕೊಳೆಯುತ್ತದೆ. ಆದ್ದರಿಂದ ಜೆನ್ಶಿಯನ್, ಸ್ಯಾಕ್ಸಿಫ್ರೇಜ್, ಎಡೆಲ್‌ವೈಸ್ ಮುಂತಾದವುಗಳ ಬೀಜಗಳನ್ನು ಹಣ ಕೊಟ್ಟು ತರಿಸುವುದು ವ್ಯರ್ಥ.

ಆದರೆ ಸಸ್ಯಗಳ ಜೀವನಕ್ರಮದಲ್ಲಿ ಗಮನಾರ್ಹ ಸಾಮ್ಯವಿದೆ. ಅಲ್ಲಿ ಚಳಿಗಾಲದ ಹಿಮವು ಮಾಡುವ ಕೆಲಸವನ್ನು ಇಲ್ಲಿ ಬೇಸಿಗೆಯ ಒಣಹವೆ ಮಾಡುತ್ತದೆ. ನಮ್ಮ ಪಾದೆಯ ಗಿಡಗಳು ಫೆಬ್ರವರಿಯಿಂದ ಮೇ ತಿಂಗಳವರೆಗೆ ಬೀಜ, ಗೆಡ್ಡೆ ಅಥವಾ ಬೇರಿನ ರೂಪದಲ್ಲಿ ನಿದ್ರಿಸುತ್ತವೆ. ಮೊದಲ ಮಳೆಗೆ ಎಚ್ಚರಗೊಂಡು, ಮೂರು ನಾಲ್ಕು ತಿಂಗಳಲ್ಲಿ ಹೂ ಬಿಟ್ಟು ಬೀಜ ಕಟ್ಟುತ್ತವೆ. ಈ ಒಂದು ಅಂಶವನ್ನು ಅರ್ಥ ಮಾಡಿಕೊಂಡರೆ ಮುಂದಿನ ಎಲ್ಲ ಬೇಸಾಯ ಕ್ರಮಗಳೂ ಸುಲಭವಾಗುತ್ತವೆ: ಬೇಸಿಗೆಯಲ್ಲಿ ನೀರು ಕೊಡಬಾರದು, ಗೊಬ್ಬರ ಹಾಕಬಾರದು, ಮಣ್ಣು ಏರಿಸಬಾರದು.

ಪಾದೆಯ ನಾಲ್ಕು ನೆಲೆಗಳು

ಮುರಕಲ್ಲು ಅಥವಾ ಜಂಬಿಟ್ಟಿಗೆಯು ಅಧಿಕ ಮಳೆ ಮತ್ತು ಉಷ್ಣತೆಯಿಂದ ಮೂಲಶಿಲೆ ಶಿಥಿಲಗೊಂಡು, ಕಬ್ಬಿಣ ಹಾಗೂ ಅಲ್ಯೂಮಿನಿಯಂ ಆಕ್ಸೈಡುಗಳು ಉಳಿದು ಉಂಟಾದ ಶಿಲೆ. ಇದಕ್ಕೆ ‘ಲ್ಯಾಟರೈಟ್’ ಎಂಬ ಹೆಸರನ್ನು ಫ್ರಾನ್ಸಿಸ್ ಬುಕನನ್ 1807ರಲ್ಲಿ ನೀಡಿದರು. ಕೇರಳದ ಅಂಗಾಡಿಪುರಂನಲ್ಲಿ ಕಂಡ ಕಲ್ಲು ಅದಕ್ಕೆ ಆಧಾರವಾಗಿತ್ತು. ಪಾದೆಯ ಮೇಲ್ಮೈ ಒಂದೇ ರೀತಿ ಕಂಡರೂ ಸಸ್ಯಗಳ ದೃಷ್ಟಿಯಿಂದ ಅದರಲ್ಲಿ ನಾಲ್ಕು ನೆಲೆಗಳಿವೆ.

1. ನೀರು ನಿಲ್ಲುವ ಕುಳಿಗಳು: ಮಳೆಗಾಲದಲ್ಲಿ ಕೆಲವೇ ಸೆಂಟಿಮೀಟರ್ ನೀರು ನಿಲ್ಲುವ ತಗ್ಗುಗಳು. ಇಲ್ಲಿ ನೀಲಿ ಹೂವಿನ ಯುಟ್ರಿಕ್ಯುಲೇರಿಯಾ, ಬಿಳಿ ಗುಂಡಿಯಂತಹ ಹೂಗೊಂಚಲಿನ ಎರಿಯೊಕಾಲಾನ್ ಹಾಗೂ ರೋಟಾಲಾ ಜಾತಿಗಳು ಬೆಳೆಯುತ್ತವೆ. ಯುಟ್ರಿಕ್ಯುಲೇರಿಯಾ ಕೀಟಾಹಾರಿ ಸಸ್ಯ. ಅದರ ಸೂಕ್ಷ್ಮ ಚೀಲಗಳು ನೀರಿನಲ್ಲಿರುವ ಅತಿ ಸಣ್ಣ ಜೀವಿಗಳನ್ನು ಹಿಡಿಯುತ್ತವೆ. ನೆರೆಯ ಕಾಸರಗೋಡಿನಲ್ಲಿ ಇದನ್ನು ಕಾಕ್ಕಪೂ ಎಂದು ಕರೆದು ಓಣಂ ಹೂ ರಂಗೋಲಿಗೆ ಬಳಸುವುದು ರೂಢಿ.

2. ತೆಳು ಮಣ್ಣಿನ ಹಾಸು: ಎರಡರಿಂದ ಹತ್ತು ಸೆಂಟಿಮೀಟರ್ ಮಣ್ಣಿರುವ ಜಾಗ. ಹುಲ್ಲುಗಳ ನಡುವೆ ಮರ್ಡೇನಿಯಾ, ಸಯನೋಟಿಸ್, ತುಂಬೆ ಹಾಗೂ ತೇವ ಹೆಚ್ಚಿರುವಲ್ಲಿ ಅಂಟು ಹನಿಗಳಿಂದ ಕೀಟ ಹಿಡಿಯುವ ಡ್ರೊಸೆರಾ ಕಾಣಸಿಗುತ್ತವೆ.

3. ಬಿರುಕುಗಳು ಮತ್ತು ಒದ್ದೆ ಗೋಡೆಗಳು: ಜರಿಗಿಡಗಳು, ಹಾವಸೆ, ಕಾಡು ಬೆಗೋನಿಯ ಹಾಗೂ ಬಾಲ್ಸಮ್ ಗಿಡದ ಕಾಡು ಬಂಧುಗಳಾದ ಇಂಪೇಶಿಯನ್ಸ್ ಜಾತಿಗಳು ಇಲ್ಲಿ ನೆಲೆಗೊಳ್ಳುತ್ತವೆ.

4. ಪಾದೆಯ ಅಂಚು: ಮಣ್ಣು ಸ್ವಲ್ಪ ಆಳವಾಗುವ ಕಡೆ ಕೇಪಳ, ನೆಕ್ಕರೆ, ಕರಂಡೆ, ಕುಂಟಲ ಮುಂತಾದ ಪೊದೆಗಳು ಹಾಗೂ ಕಾಡರಿಶಿನದಂತಹ ಗೆಡ್ಡೆ ಸಸ್ಯಗಳು ಬೆಳೆಯುತ್ತವೆ.

ಕೀಟಾಹಾರಿ ಸಸ್ಯಗಳ ಇರುವಿಕೆಯು ಆ ನೆಲದಲ್ಲಿ ಸಾರಜನಕ ಅತ್ಯಲ್ಪವೆಂಬುದಕ್ಕೆ ಸೂಚಕ. ಮಣ್ಣು ಒದಗಿಸದ ಪೋಷಕಾಂಶವನ್ನು ಅವು ಕೀಟಗಳಿಂದ ಪಡೆಯುತ್ತವೆ. ಅಂತಹ ನೆಲಕ್ಕೆ ಗೊಬ್ಬರ ಹಾಕಿದರೆ ಎತ್ತರದ ಕಳೆಗಳು ಆವರಿಸಿ ಈ ಸಸ್ಯಗಳನ್ನು ಮುಚ್ಚಿಹಾಕುತ್ತವೆ.

ಪಾದೆಯನ್ನು ಮಟ್ಟ ಮಾಡುವ ಮುನ್ನ

ಹಳದಿ ಎಲೆ ರೋಗ ಮತ್ತು ಎಲೆಚುಕ್ಕೆ ರೋಗದಿಂದ ನಷ್ಟ ಅನುಭವಿಸಿದ ರೈತರು ಗುಡ್ಡದ ಮೇಲೆ ಹೊಸ ಜಾಗ ಹುಡುಕುವುದು ಅರ್ಥವಾಗುವ ಸಂಗತಿ. ಆದರೂ ಯಂತ್ರ ತರಿಸುವ ಮೊದಲು ಕೆಳಗಿನ ಅಂಶಗಳನ್ನು ಪರಿಶೀಲಿಸುವುದು ಸೂಕ್ತ.

ಮಣ್ಣಿನ ಆಳ: ಅಡಿಕೆಗೆ 90 ಸೆಂ.ಮೀ. ಉದ್ದ, ಅಗಲ ಮತ್ತು ಆಳದ ಗುಂಡಿಯನ್ನು ಶಿಫಾರಸು ಮಾಡಲಾಗಿದೆ. ಗೇರಿಗೆ 60 ಸೆಂ.ಮೀ. ಗುಂಡಿ ಸಾಕಾದರೂ ಗಟ್ಟಿ ಮುರಕಲ್ಲಿರುವಲ್ಲಿ ಒಂದು ಮೀಟರ್ ಗುಂಡಿ ತೆಗೆಯಬೇಕಾಗುತ್ತದೆ. ಹಾರೆಯು 30 ಸೆಂ.ಮೀ. ಕೂಡ ಇಳಿಯದ ಕಡೆ ಹೊರಗಿನ ಮಣ್ಣು ಮತ್ತು ಬೇಸಿಗೆಯ ನೀರಾವರಿ ಎರಡೂ ಶಾಶ್ವತ ಖರ್ಚುಗಳಾಗುತ್ತವೆ.

ನೀರಿನ ಲೆಕ್ಕ: ಒಂದು ಚದರ ಮೀಟರ್ ಮೇಲೆ ಒಂದು ಮಿ.ಮೀ. ಮಳೆ ಬಿದ್ದರೆ ಒಂದು ಲೀಟರ್ ನೀರು. ವರ್ಷಕ್ಕೆ 3,500 ಮಿ.ಮೀ. ಮಳೆಯೆಂದು ಇಟ್ಟುಕೊಂಡರೂ ಹತ್ತು ಸೆಂಟ್ಸ್ ಪಾದೆಯ ಮೇಲೆ ಸುಮಾರು 14 ಲಕ್ಷ ಲೀಟರ್ ನೀರು ಬೀಳುತ್ತದೆ. ಅದರಲ್ಲಿ ಒಂದು ಭಾಗ ಬಿರುಕುಗಳ ಮೂಲಕ ಇಳಿಯುತ್ತದೆ. ಉಳಿದುದನ್ನು ಅಂಚಿನ ಇಂಗುಗುಂಡಿಗೆ ತಿರುಗಿಸಬಹುದು. ಮುರಕಲ್ಲಿನ ಗುಡ್ಡಗಳು ನೀರು ಹಿಡಿದಿಟ್ಟುಕೊಳ್ಳುತ್ತವೆ ಎಂಬುದಕ್ಕೆ ಈ ಭಾಗದ ಸುರಂಗಗಳೇ ಸಾಕ್ಷಿ. ನೆರೆಯ ಬಂಟ್ವಾಳ ತಾಲ್ಲೂಕಿನ ಕೇಪು ಗ್ರಾಮದ ಅಮೈ ಮಹಾಲಿಂಗ ನಾಯ್ಕ ಅವರು ಬರಡು ಗುಡ್ಡದಲ್ಲಿ ಸುರಂಗ ಕೊರೆದು ನೀರು ಪಡೆದು ತೋಟ ಮಾಡಿದ ಸಾಧನೆಗೆ 2022ರಲ್ಲಿ ಪದ್ಮಶ್ರೀ ಗೌರವ ದೊರೆತಿದೆ.

ಮಣ್ಣಿನ ಸವಕಳಿ: ಗಟ್ಟಿ ಹೊರಪದರ ಒಡೆದಾಗ ಅದರ ಅಡಿಯ ಮೆದು ಜೇಡಿ ಮಣ್ಣು ಮಳೆಗೆ ತೆರೆದುಕೊಳ್ಳುತ್ತದೆ. ಅದು ಕೊಚ್ಚಿಹೋಗಿ ಕೆಳಗಿನ ತೋಡು ಮತ್ತು ತೋಟದ ಕಣಿಗಳನ್ನು ತುಂಬುತ್ತದೆ. ಕಡಿದಾದ ಇಳಿಜಾರಿನ ಬುಡವನ್ನು ಕತ್ತರಿಸುವುದು ಅಪಾಯಕಾರಿ.

ಜಮೀನಿನ ಸ್ವರೂಪ: ಪಾದೆಯು ಕುಮ್ಕಿ ಜಾಗದಲ್ಲಿದ್ದರೆ ಅದು ಸರ್ಕಾರದ ಭೂಮಿ, ರೈತರಿಗಿರುವುದು ಸೊಪ್ಪು, ಮೇವು ಮುಂತಾದ ಸೀಮಿತ ಸವಲತ್ತು. ಕಲ್ಲು ತೆಗೆಯಲು ಪರವಾನಗಿ ಅಗತ್ಯ.

ಆಳವಾದ ಮಣ್ಣಿರುವ ಜಾಗವನ್ನು ಬೆಳೆಗೆ ಬಳಸಿ, ಗಟ್ಟಿ ಪಾದೆಯನ್ನು ಹಾಗೆಯೇ ಬಿಡುವುದು ಸರಿಯಾದ ಭೂಬಳಕೆ. ಮಟ್ಟ ಮಾಡಿದ ಪಾದೆಯನ್ನು ಪುನಃ ಸೃಷ್ಟಿಸಲು ಸಾಧ್ಯವಿಲ್ಲ.

ಇರುವ ಪಾದೆಯ ನಿರ್ವಹಣೆ

• ಕಮ್ಯುನಿಸ್ಟ್ ಗಿಡವನ್ನು ಅದು ಹೂ ಬಿಡುವ ಮೊದಲು, ಅಕ್ಟೋಬರ್ ಅಂತ್ಯದೊಳಗೆ ಬೇರುಸಹಿತ ಕಿತ್ತು ತೆಗೆಯಬೇಕು. ಮೈಕೇನಿಯ ಬಳ್ಳಿ ಮತ್ತು ರಬ್ಬರ್ ತೋಟದ ಮುಚ್ಚಿಗೆ ಬಳ್ಳಿಗಳು ಪಾದೆಗೆ ಹಬ್ಬದಂತೆ ಅಂಚಿನಲ್ಲಿ ಕತ್ತರಿಸಬೇಕು.
• ಪಾದೆಯ ಮೇಲೆ ಅಕೇಶಿಯಾ ನೆಡಬಾರದು. ಅದರ ನೆರಳು ಮತ್ತು ಕೊಳೆಯದೆ ಉಳಿಯುವ ಎಲೆಗಳ ದಪ್ಪ ಪದರವು ಸಣ್ಣ ಸಸ್ಯಗಳನ್ನು ಅಳಿಸುತ್ತದೆ.
• ಕಳೆನಾಶಕ ಸಿಂಪಡಿಸಬಾರದು. ಅಡಿಕೆಗೆ ಬೋರ್ಡೋ ದ್ರಾವಣ ಸಿಂಪಡಿಸುವಾಗ ಹನಿಗಳು ಪಾದೆಯತ್ತ ಹಾರದಂತೆ ಮತ್ತು ಉಳಿದ ದ್ರಾವಣವನ್ನು ಕಲ್ಲಿನ ಮೇಲೆ ಚೆಲ್ಲದಂತೆ ಎಚ್ಚರ ವಹಿಸಬೇಕು. ತಾಮ್ರವು ಹಾವಸೆಗೆ ಮಾರಕ.
• ಬೇಸಿಗೆಯಲ್ಲಿ ಒಣಹುಲ್ಲಿಗೆ ಬೆಂಕಿ ಹಾಕಬಾರದು. ಮೇಲ್ಮೈಯಲ್ಲಿರುವ ಬೀಜಗಳು ಸುಟ್ಟುಹೋಗುತ್ತವೆ.
• ಮಳೆಗಾಲದಲ್ಲಿ ಪಾದೆಯ ಮೇಲೆ ವಾಹನ ಓಡಿಸಬಾರದು. ನಡೆದಾಡಲು ಒಂದೇ ದಾರಿಯನ್ನು ಗುರುತಿಸಿಕೊಳ್ಳಬೇಕು.

ಮನೆಯಂಗಳದಲ್ಲಿ ಹೊಸ ಶಿಲೋದ್ಯಾನ ರಚನೆ

ಪಾದೆ ಇಲ್ಲದವರು ಅಥವಾ ಶಾಲೆ, ಪಂಚಾಯತ್ ಆವರಣಗಳಲ್ಲಿ ಪ್ರಾತ್ಯಕ್ಷಿಕೆ ಮಾಡಬಯಸುವವರು ಮೂರು ಮೀಟರ್ ಉದ್ದ, ಎರಡು ಮೀಟರ್ ಅಗಲದ ದಿಬ್ಬದಿಂದ ಆರಂಭಿಸಬಹುದು. ಮನೆ ಕಟ್ಟುವಾಗ ಉಳಿದ ಒಡಕು ಮುರಕಲ್ಲುಗಳೇ ಇದಕ್ಕೆ ಸಾಕು.

ಸ್ಥಳ: ದಿನಕ್ಕೆ ಕನಿಷ್ಠ ಐದಾರು ಗಂಟೆ ಬಿಸಿಲು ಬೀಳುವ, ಮರದ ಹನಿ ಮತ್ತು ಮಾಡಿನ ನೀರು ಬೀಳದ ಜಾಗ. ಕಲ್ಲಿನ ಸಂದುಗಳಲ್ಲಿ ಹಾವುಗಳು ಸೇರಬಹುದಾದ ಕಾರಣ ಮನೆಯ ಬಾಗಿಲಿನಿಂದ ದೂರವಿರಲಿ. ಸಂದುಗಳನ್ನು ಮಣ್ಣಿನಿಂದ ತುಂಬಬೇಕು.

ತಳಪದರ: 15ರಿಂದ 20 ಸೆಂ.ಮೀ. ದಪ್ಪಕ್ಕೆ ಮುರಕಲ್ಲಿನ ಚೂರು ಅಥವಾ ಜಲ್ಲಿ ಹರಡಿ, ನೀರು ಹೊರಹೋಗಲು ಒಂದು ಬದಿಗೆ ಇಳಿಜಾರು ಕೊಡಬೇಕು. ನಮ್ಮ ಮಳೆಗೆ ಈ ಪದರ ಅತ್ಯಗತ್ಯ.

ಮಿಶ್ರಣ: ಮುರಕಲ್ಲಿನ ಸಣ್ಣ ಹರಳು ಎರಡು ಭಾಗ, ದಪ್ಪ ಮರಳು ಒಂದು ಭಾಗ, ಗುಡ್ಡದ ಮೇಲ್ಮಣ್ಣು ಒಂದು ಭಾಗ, ಚೆನ್ನಾಗಿ ಕಳಿತ ತರಗೆಲೆ ಗೊಬ್ಬರ ಅರ್ಧ ಭಾಗ. ಹಟ್ಟಿಗೊಬ್ಬರ, ಕೋಳಿಗೊಬ್ಬರ, ರಾಸಾಯನಿಕ ಗೊಬ್ಬರ ಬೇಡ. ಈ ಸಸ್ಯಗಳು ಆಮ್ಲೀಯ ಮಣ್ಣಿಗೆ ಒಗ್ಗಿಕೊಂಡಿರುವುದರಿಂದ ಸುಣ್ಣ ಹಾಕಬಾರದು. ಕಲ್ಲುಗಳನ್ನು ಸಿಮೆಂಟಿನಿಂದ ಬೆಸೆಯಬಾರದು.

ಕಲ್ಲಿನ ಜೋಡಣೆ: ಪ್ರತಿ ಕಲ್ಲಿನ ಮೂರನೇ ಒಂದು ಭಾಗ ಮಣ್ಣಿನಲ್ಲಿ ಹೂತಿರಬೇಕು. ದೊಡ್ಡ ಕಲ್ಲು ಕೆಳಗೆ, ಸಣ್ಣ ಕಲ್ಲು ಮೇಲೆ ಬರಲಿ. ಕಲ್ಲನ್ನು ದಿಬ್ಬದ ಒಳಭಾಗಕ್ಕೆ ತುಸು ವಾಲಿಸಿದರೆ ಮೊದಲ ಮಳೆಯ ನೀರು ಬೇರಿನತ್ತ ಇಳಿಯುತ್ತದೆ. ದಿಬ್ಬದ ಎತ್ತರ 60ರಿಂದ 75 ಸೆಂ.ಮೀ. ಮೀರದಿರಲಿ. ಕೊನೆಗೆ ಎರಡು ಮೂರು ಸೆಂ.ಮೀ. ಹರಳಿನ ಹೊದಿಕೆ ಕೊಟ್ಟರೆ ಮಳೆಹನಿಗೆ ಮಣ್ಣು ಸಿಡಿಯುವುದಿಲ್ಲ, ಗಿಡದ ಬುಡ ಕೊಳೆಯುವುದಿಲ್ಲ.

ಕುಳಿ: ಒಂದು ಬದಿಯಲ್ಲಿ ಮೂರರಿಂದ ಐದು ಸೆಂ.ಮೀ. ಆಳದ ಚಪ್ಪಟೆ ಕಲ್ಲನ್ನು ಇರಿಸಿದರೆ ಜಲಪ್ರಿಯ ಸಸ್ಯಗಳಿಗೆ ನೆಲೆಯಾಗುತ್ತದೆ. ಮಳೆ ಬಿಡುವು ಕೊಟ್ಟಾಗ ಇದು ಬೇಗನೆ ಬತ್ತುವಂತಿರಬೇಕು. ಆಳ ಹೆಚ್ಚಿದರೆ ಸೊಳ್ಳೆಗಳಿಗೆ ಅವಕಾಶವಾಗುತ್ತದೆ. ತೋಟದಲ್ಲಿ ಬಿದ್ದ ಅಡಿಕೆ ಹಾಳೆ, ರಬ್ಬರ್ ಕಪ್ಪುಗಳನ್ನು ಮಗುಚುವುದನ್ನೂ ಮರೆಯಬಾರದು.

ಸಸ್ಯಗಳ ಮೂಲ ಮತ್ತು ಬೀಜ ಸಂಗ್ರಹ

ಕಾಡಿನಿಂದ ಗಿಡ ಕಿತ್ತು ತರಬಾರದು. ಕುಮಾರ ಪರ್ವತದ ಭಾಗವು ಪುಷ್ಪಗಿರಿ ವನ್ಯಜೀವಿ ಧಾಮಕ್ಕೆ ಸೇರಿದ್ದು, 2012ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಪಶ್ಚಿಮ ಘಟ್ಟದ ತಾಣಗಳಲ್ಲಿ ಈ ಧಾಮವೂ ಒಂದು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಧಾಮದಿಂದ ಅನುಮತಿಯಿಲ್ಲದೆ ಯಾವುದೇ ಸಸ್ಯವನ್ನು ತರುವುದು ಅಪರಾಧ. ಅಲ್ಲದೆ ತಂಪಾದ ಎತ್ತರದ ಗಿಡಗಳು ಕೆಳಗಿನ ಸೆಕೆಯಲ್ಲಿ ಉಳಿಯುವುದಿಲ್ಲ.

ಸ್ವಂತ ಪಾದೆಯಿಂದ ಅಥವಾ ಮಾಲೀಕರ ಒಪ್ಪಿಗೆಯಿಂದ ನೆರೆಯವರ ಪಾದೆಯಿಂದ ಬೀಜ ಪಡೆಯುವುದು ಸರಿಯಾದ ಮಾರ್ಗ. ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಕಾಯಿಗಳು ಕಂದುಬಣ್ಣಕ್ಕೆ ತಿರುಗಿದಾಗ ಹತ್ತರಲ್ಲಿ ಒಂದು ಪಾಲನ್ನು ಮಾತ್ರ ಕೊಯ್ಯಬೇಕು. ನೆರಳಿನಲ್ಲಿ ಒಣಗಿಸಿ, ಕಾಗದದ ಲಕೋಟೆಯಲ್ಲಿ ಹಾಕಿ, ಗ್ರಾಮ, ದಿನಾಂಕ, ನೆಲೆಯ ವಿವರ ಬರೆದು ಗಾಳಿಯಾಡದ ಡಬ್ಬಿಯಲ್ಲಿ ಇಡಬೇಕು. ಮೇ ಕೊನೆಯಲ್ಲಿ ಮೊದಲ ಮಳೆಯ ನಂತರ ಬಿತ್ತಬೇಕು. ಧೂಳಿನಂತಹ ಬೀಜಗಳನ್ನು ಮಣ್ಣಿನಿಂದ ಮುಚ್ಚಬಾರದು.

ಕುಳಿಯ ಸಸ್ಯಗಳಿಗೆ ಇನ್ನೊಂದು ಸರಳ ವಿಧಾನವಿದೆ. ಫೆಬ್ರವರಿಯಲ್ಲಿ ಸ್ವಂತ ಪಾದೆಯ ಒಣಗಿದ ಕುಳಿಯಿಂದ ಒಂದು ಹಿಡಿ ಮೇಲ್ಮಣ್ಣು ತೆಗೆದಿಟ್ಟು, ಮಳೆ ಬಂದಾಗ ಹೊಸ ಕುಳಿಯಲ್ಲಿ ಹರಡಿದರೆ ಅದರಲ್ಲಿರುವ ಬೀಜಗಳು ಮೊಳೆಯುತ್ತವೆ. ಕೇಪಳವನ್ನು ಜೂನ್–ಜುಲೈನಲ್ಲಿ 10ರಿಂದ 15 ಸೆಂ.ಮೀ. ಅರೆಬಲಿತ ಕಡ್ಡಿಗಳಿಂದ, ಕರಂಡೆಯನ್ನು ತಾಜಾ ಬೀಜದಿಂದ ಬೆಳೆಸಬಹುದು.

ಎಚ್ಚರಿಕೆ: ಅಗ್ನಿಶಿಖೆಯ ಹೂ ಆಕರ್ಷಕವಾಗಿದ್ದರೂ ಅದರ ಗೆಡ್ಡೆ ಸೇರಿದಂತೆ ಎಲ್ಲ ಭಾಗಗಳೂ ವಿಷಕಾರಿ. ಮಕ್ಕಳು, ಜಾನುವಾರುಗಳಿರುವಲ್ಲಿ ನೆಡಬಾರದು. ಹಳದಿ ಹೂವಿನ ಅಲಂಕಾರಿಕ ಹಬ್ಬು ಡೈಸಿಯನ್ನು ಶಿಲೋದ್ಯಾನದ ಬಳಿ ಬಿಡಬಾರದು. ಅದು ಹರಡಿದರೆ ಹತೋಟಿ ಕಷ್ಟ.

ತಿಂಗಳವಾರು ಕೆಲಸಗಳು

• ಏಪ್ರಿಲ್–ಮೇ: ದಿಬ್ಬ ರಚನೆ, ಕಲ್ಲು ಜೋಡಣೆ, ನೀರು ಹರಿಯುವ ದಾರಿ ಸರಿಪಡಿಸುವಿಕೆ.
• ಮೇ ಅಂತ್ಯ–ಜೂನ್: ಬಿತ್ತನೆ, ಅಂಚಿನ ಪೊದೆಗಳ ನಾಟಿ.
• ಜುಲೈ–ಆಗಸ್ಟ್: ಕೈಯಿಂದ ಕಳೆ ತೆಗೆಯುವುದು, ಕಟ್ಟಿಕೊಂಡ ನೀರಿನ ದಾರಿ ಬಿಡಿಸುವುದು.
• ಸೆಪ್ಟೆಂಬರ್–ಅಕ್ಟೋಬರ್: ಹೂಗಳ ದಾಖಲಾತಿ, ಬೀಜಕ್ಕಾಗಿ ಗಿಡಗಳ ಗುರುತು, ಕಮ್ಯುನಿಸ್ಟ್ ಗಿಡದ ನಿರ್ಮೂಲನೆ.
• ನವೆಂಬರ್–ಡಿಸೆಂಬರ್: ಬೀಜ ಸಂಗ್ರಹ, ವಿನಿಮಯ.
• ಜನವರಿ–ಮಾರ್ಚ್: ವಿಶ್ರಾಂತಿ. ನೀರು ಬೇಡ, ಬೆಂಕಿಯಿಂದ ರಕ್ಷಣೆ ಮಾತ್ರ.

ಆಸಕ್ತರ ಸಂಘ ಕಟ್ಟುವ ಬಗೆ

ಒಬ್ಬರ ಪಾದೆಯಲ್ಲಿರುವ ಗಿಡ ಇನ್ನೊಬ್ಬರಲ್ಲಿ ಇರುವುದಿಲ್ಲ. ಒಬ್ಬರು ತಮ್ಮ ಪಾದೆಯನ್ನು ಮಟ್ಟ ಮಾಡಿದರೆ ಅಲ್ಲಿಯ ಗಿಡ ಆ ಗ್ರಾಮದಿಂದಲೇ ಕಣ್ಮರೆಯಾಗಬಹುದು. ಬೀಜವು ನಾಲ್ಕು ಮನೆಗಳಲ್ಲಿದ್ದರೆ ಈ ಅಪಾಯ ಕಡಿಮೆ. ಆದ್ದರಿಂದಲೇ ಸಂಘದ ಅಗತ್ಯವಿದೆ. ಈ ಪ್ರದೇಶಕ್ಕೆ ಇಂತಹ ಕೊಡುಕೊಳ್ಳುವಿಕೆ ಹೊಸದಲ್ಲ. ಪುತ್ತೂರಿನಿಂದ ಹೊರಬರುವ ‘ಅಡಿಕೆ ಪತ್ರಿಕೆ’ 1988ರಿಂದ ರೈತರ ಅನುಭವವನ್ನು ರೈತರಿಗೆ ತಲುಪಿಸುತ್ತಿದೆ. ಹಲಸು, ಮಾವುಗಳ ಉತ್ತಮ ತಳಿಯ ಕಸಿಕಡ್ಡಿಗಳನ್ನು ಆಸಕ್ತರು ಪರಸ್ಪರ ಹಂಚಿಕೊಳ್ಳುತ್ತಾರೆ. ಬೆಂಗಳೂರಿನ ಲಾಲ್‌ಬಾಗ್‌ನ ಫಲಪುಷ್ಪ ಪ್ರದರ್ಶನಗಳನ್ನು ತೋಟಗಾರಿಕೆ ಇಲಾಖೆಯೊಡನೆ ಮೈಸೂರು ಉದ್ಯಾನ ಕಲಾ ಸಂಘವು ನಡೆಸಿಕೊಂಡು ಬಂದಿರುವುದೂ ಹವ್ಯಾಸಿಗಳ ಸಂಘಟನೆಯ ಶಕ್ತಿಗೆ ನಿದರ್ಶನ.

ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ 1960ರ ಅಡಿಯಲ್ಲಿ ಏಳು ಜನ ಸೇರಿದರೆ ಸಂಘ ನೋಂದಾಯಿಸಬಹುದು. ಆರಂಭದಲ್ಲಿ ನೋಂದಣಿಯ ಅಗತ್ಯವೂ ಇಲ್ಲ. ಸ್ತ್ರೀಶಕ್ತಿ ಗುಂಪು, ಯುವಕ ಮಂಡಲ ಅಥವಾ ಶಾಲೆಯ ಪರಿಸರ ಸಂಘದೊಳಗೇ ಕೆಲಸ ಆರಂಭಿಸಬಹುದು. ಪಾಲಿಸಬೇಕಾದ ನಿಯಮಗಳು:

1. ಬೀಜ ಮತ್ತು ಕಡ್ಡಿಗಳ ವಿನಿಮಯ ಮಾತ್ರ. ಕಿತ್ತು ತಂದ ಕಾಡುಗಿಡಗಳ ವಿನಿಮಯ ಅಥವಾ ಮಾರಾಟ ಇಲ್ಲ.
2. ಪ್ರತಿ ಲಕೋಟೆಯ ಮೇಲೆ ಮೂಲದ ವಿವರ ಕಡ್ಡಾಯ.
3. ಸೆಪ್ಟೆಂಬರ್‌ನಲ್ಲಿ ಒಂದು ದಿನ ಸದಸ್ಯರ ಪಾದೆಗಳಿಗೆ ಭೇಟಿ, ಗುಂಪು ಚಿಕ್ಕದಾಗಿರಲಿ.
4. ಕಂಡ ಸಸ್ಯಗಳ ಪಟ್ಟಿಯನ್ನು ಗ್ರಾಮ ಪಂಚಾಯತಿಯ ಜೀವವೈವಿಧ್ಯ ನಿರ್ವಹಣಾ ಸಮಿತಿಗೆ ನೀಡಿ ಜನತಾ ಜೀವವೈವಿಧ್ಯ ದಾಖಲಾತಿಯಲ್ಲಿ ಸೇರಿಸುವುದು.

ಭೇಟಿಗಳ ವಿಷಯದಲ್ಲಿ ಮಿತಿ ಅಗತ್ಯ. ಮಹಾರಾಷ್ಟ್ರದ ಸಾತಾರಾ ಬಳಿಯ ಕಾಸ್ ಪ್ರಸ್ಥಭೂಮಿಯು ಇಂತಹುದೇ ಮಳೆಗಾಲದ ಹೂಗಳಿಗೆ ಹೆಸರಾಗಿದ್ದು, ಜನದಟ್ಟಣೆಯಿಂದಾಗಿ ಅಲ್ಲಿ ಪ್ರವೇಶಕ್ಕೆ ನಿರ್ಬಂಧ ವಿಧಿಸಬೇಕಾಯಿತು.

ಆದಾಯದ ಬಗ್ಗೆ ಅತಿಯಾದ ನಿರೀಕ್ಷೆ ಬೇಡ. ಕೇಪಳ, ನೆಕ್ಕರೆ, ಜರಿಗಿಡಗಳ ಸಸಿಗಳನ್ನು ಮನೆಮಟ್ಟದ ನರ್ಸರಿಯಲ್ಲಿ ಬೆಳೆಸಿ ಮಾರಬಹುದು. ಕರಂಡೆಯ ಎಳೆಕಾಯಿ ಉಪ್ಪಿನಕಾಯಿಗೆ ಒದಗುತ್ತದೆ. ಪಾದೆಯ ಹೂಗಳು ಜೇನು ಹಾಗೂ ಇತರ ಪರಾಗಸ್ಪರ್ಶಕ ಕೀಟಗಳಿಗೆ ಆಹಾರ. ಇವೆಲ್ಲಕ್ಕಿಂತ ಹೆಚ್ಚಿನ ಲಾಭವೆಂದರೆ ಪಾದೆ ಇಂಗಿಸುವ ನೀರು ಮತ್ತು ತಪ್ಪುವ ವ್ಯರ್ಥ ಖರ್ಚು.

ವಿಸ್ತರಣಾ ಕಾರ್ಯಕರ್ತರ ಗಮನಕ್ಕೆ

ಪಾದೆಯ ಬಗ್ಗೆ ಸಲಹೆ ನೀಡಲು ಆಗಸ್ಟ್ ಮತ್ತು ಸೆಪ್ಟೆಂಬರ್ ತಿಂಗಳುಗಳಲ್ಲಿ ಸ್ಥಳಕ್ಕೆ ಭೇಟಿ ನೀಡಬೇಕು. ಬೇಸಿಗೆಯ ಭೇಟಿಯಲ್ಲಿ ಅದು ಬಂಜರಾಗಿಯೇ ಕಾಣುತ್ತದೆ. ತೋಟದ ಯೋಜನೆ ತಯಾರಿಸುವಾಗ ಹಾರೆಯಿಂದ ಹತ್ತು ಕಡೆ ಮಣ್ಣಿನ ಆಳ ಅಳೆದು, ಬೆಳೆಗೆ ಯೋಗ್ಯವಾದ ಜಾಗ ಮತ್ತು ಹಾಗೆಯೇ ಬಿಡಬೇಕಾದ ಪಾದೆ ಎರಡನ್ನೂ ನಕ್ಷೆಯಲ್ಲಿ ಗುರುತಿಸಿಕೊಡಬೇಕು. ಮಟ್ಟ ಮಾಡುವ ನಿರ್ಧಾರವನ್ನು ರೈತರು ಸಾಮಾನ್ಯವಾಗಿ ಮಳೆ ನಿಂತ ಮೇಲೆ, ಯಂತ್ರ ಸಿಗುವ ಕಾಲದಲ್ಲಿ ಕೈಗೊಳ್ಳುತ್ತಾರೆ. ಆದ್ದರಿಂದ ಈ ಮಾಹಿತಿ ಅದಕ್ಕೂ ಮೊದಲು ಅವರಿಗೆ ತಲುಪಬೇಕು.